ಮನೆ ಹೊತ್ತ ಗಾಡಿ ಕುಲುಕದಿರಲಿ



ಕೋಲಾರದ ಎಪಿಎಂಸಿಯಿಂದ ಟೊಮೆಟೊ ಹೇರಿಕೊಂಡು ಹೊರಟ ಪಿಕಪ್ ಗಾಡಿಯನ್ನು ನೀವೆಲ್ಲ ಕಂಡವರೇ. ಹಿಂದೆ ಕ್ರೇಟಿನ ಮೇಲೆ ಕ್ರೇಟು. ಹಂಪು ಬಂದರೆ ಗಾಡಿ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಅದೇ ಗಾಡಿ ಸರಕು ಇಳಿಸಿ ಖಾಲಿ ವಾಪಸಾಗುವಾಗ ಸದ್ದು ಕೇಳಿದ್ದೀರಾ? ಖಾಲಿ ಕ್ರೇಟುಗಳು ಗಡಗಡ ಎನ್ನುತ್ತವೆ. ಹಿಂದಿನ ಚಕ್ರಗಳು ಪುಟಿಯುತ್ತವೆ. ಚಾಲಕ ಸೀಟಿನಿಂದ ಎದ್ದು ಎದ್ದು ಕೂರುತ್ತಾನೆ. ರಸ್ತೆ ಅದೇ, ಗಾಡಿ ಅದೇ, ಸ್ಪ್ರಿಂಗೂ ಅದೇ. ಬದಲಾದದ್ದು ಭಾರ ಮಾತ್ರ.

ಇದನ್ನು ನೆನಪಿನಲ್ಲಿಟ್ಟುಕೊಂಡರೆ ಇವತ್ತಿನ ವಿಷಯ ಅರ್ಧ ಅರ್ಥವಾದ ಹಾಗೆ. ವಿಷಯ ಕ್ಯಾರವಾನ್. ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಶೌಚಾಲಯ ಎಲ್ಲವನ್ನೂ ಒಳಗಿಟ್ಟುಕೊಂಡು ಓಡುವ ಮೋಟಾರು ಗಾಡಿ. ಅದರ ಒಳಗಿನ ಅಲಂಕಾರದ ಮಾತು ಇಲ್ಲಿಲ್ಲ. ಅದರ ಅಡಿಯಲ್ಲಿರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಬುಷ್ಷು, ಟೈರುಗಳ ಮಾತು. ಅವನ್ನು ಯಾವ ಕ್ರಮದಲ್ಲಿ ಸರಿಪಡಿಸಿದರೆ ಗಾಡಿ ಕುಲುಕದೆ, ಓಲಾಡದೆ, ಚಾಲಕನ ಕೈಯಲ್ಲಿ ನಿಲ್ಲುತ್ತದೆ ಎಂಬ ಮಾತು.

ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸದ ಯೋಜನೆ ಆರಂಭಿಸಿತು. ಆಗ ಬಂದ ಮೊದಮೊದಲ ಗಾಡಿಗಳಲ್ಲಿ ಭಾರತ್‌ಬೆಂಜ್ 1017 ಬಸ್ ಚಾಸಿಯ ಮೇಲೆ ಕಟ್ಟಿದ್ದೂ ಇತ್ತು. ಕರ್ನಾಟಕದಲ್ಲೂ ಇಂಥ ಗಾಡಿಗಳು ಈಗ ಅಪರೂಪವಲ್ಲ. ಬೆಂಗಳೂರಿನ ಸುತ್ತ ಟೆಂಪೊ ಟ್ರಾವೆಲರ್ ಮೇಲೆ, ಸಣ್ಣ ಬಸ್ಸಿನ ಮೇಲೆ, ಪಿಕಪ್ ಮೇಲೆ ಮನೆ ಕಟ್ಟಿಸಿಕೊಂಡವರಿದ್ದಾರೆ.

ಅಂಥವರಿಗೆ ಬಂಗಾರಪೇಟೆ, ಕೆಜಿಎಫ್ ಕಡೆಯ ದಾರಿ ಹೇಳಿ ಮಾಡಿಸಿದ್ದು. ಕಮ್ಮಸಂದ್ರದ ಕೋಟಿಲಿಂಗೇಶ್ವರ, ಪಾಲಾರ್ ನದಿಯ ಬೇತಮಂಗಲದ ಕೆರೆ, ಗಣಿ ಕಾಲದ ಬಂಗಲೆಗಳು, ಸಂಜೆಗೆ ಬಂಗಾರಪೇಟೆಯ ತಿಳಿ ಪಾನಿಯ ಪಾನಿಪುರಿ. ಎರಡು ದಿನದ ಪಯಣಕ್ಕೆ ಇನ್ನೇನು ಬೇಕು? ದಾರಿಯೂ ಸುಲಭವಾಗಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಒಟ್ಟು ಸುಮಾರು 260 ಕಿಲೋಮೀಟರ್. ಅದರಲ್ಲಿ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಮೂಲಕ ಹೋಗುವ ಕರ್ನಾಟಕದ ಭಾಗ ಸುಮಾರು 70 ಕಿಲೋಮೀಟರ್.

ಆದರೆ ಈ ದಾರಿಯಲ್ಲಿ ಗಾಡಿಗೆ ಎರಡು ಬಗೆಯ ಪರೀಕ್ಷೆ ಇದೆ. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗ ಮತ್ತು ಪಕ್ಕದ ಗಾಳಿ. ಇಳಿದು ಊರ ರಸ್ತೆ ಹಿಡಿದರೆ ಹಂಪು, ಗುಂಡಿ, ಅಗೆದು ಮುಚ್ಚಿದ ಪೈಪಿನ ಹಳ್ಳ. ಒಂದೇ ಗಾಡಿ ಎರಡಕ್ಕೂ ಹೊಂದಬೇಕು. ಒಳಗೆ ಲಕ್ಷಗಟ್ಟಲೆ ಸುರಿದು ಅಡಿಗೆ ಒಂದು ರೂಪಾಯಿ ಹಾಕದ ಮಾಲೀಕರು ಬಹಳ. ಬೆನ್ನು ಹಿಡಿದುಕೊಂಡು ಇಳಿಯುವವರು ಮಾತ್ರ ಆಸೆಯಿಂದ ಹತ್ತಿದ ಮನೆಯ ಹಿರಿಯರು. ಇದು ನಿಜಕ್ಕೂ ಬೇಸರದ ಸಂಗತಿ. ಏಕೆಂದರೆ ತಪ್ಪಿಸಬಹುದಾದ ನೋವು ಅದು.

ಈಗ ಮತ್ತೆ ಟೊಮೆಟೊ ಗಾಡಿಗೆ ಬನ್ನಿ. ಪಿಕಪ್ ತಯಾರಕರ ಕಷ್ಟ ಏನು? ಆ ಗಾಡಿ ಬೆಳಿಗ್ಗೆ ತುಂಬಿರುತ್ತದೆ, ಮಧ್ಯಾಹ್ನ ಖಾಲಿ. ಸ್ಪ್ರಿಂಗು ಎರಡನ್ನೂ ತಾಳಬೇಕು. ಅದಕ್ಕೇ ಗಟ್ಟಿ ಸ್ಪ್ರಿಂಗು ಹಾಕುತ್ತಾರೆ. ಬಸ್ಸಿನದೂ ಅದೇ ಕತೆ. ಕ್ಯಾರವಾನ್ ಹಾಗಲ್ಲ. ಅದರ ಮೇಲೆ ಮನೆ ಇದ್ದೇ ಇರುತ್ತದೆ. ಮಂಚ, ಬೀರು, ಬ್ಯಾಟರಿ ಯಾವತ್ತೂ ಇಳಿಯುವುದಿಲ್ಲ. ನೀರು ತುಂಬುತ್ತದೆ, ಖಾಲಿಯಾಗುತ್ತದೆ, ಅಷ್ಟೇ. ಭಾರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಆ ಒಂದು ಭಾರಕ್ಕೇ ಸ್ಪ್ರಿಂಗನ್ನು ಹದ ಮಾಡಿಕೊಳ್ಳಬಹುದು. ಲಾರಿಯವರಿಗೂ ಬಸ್ಸಿನವರಿಗೂ ಇಲ್ಲದ ಅನುಕೂಲ ಇದು. ಬಹಳ ಮಂದಿ ಇದನ್ನು ಬಳಸಿಕೊಳ್ಳುವುದೇ ಇಲ್ಲ.

ಹಾಗಾದರೆ ಮೊದಲು ತಿಳಿಯಬೇಕಾದದ್ದು ಆ ಭಾರ ಎಷ್ಟು ಎಂಬುದು. ಗ್ಯಾರೇಜಿಗಿಂತ ಮೊದಲು ವೇಬ್ರಿಡ್ಜಿಗೆ ಹೋಗಬೇಕು. ನೀರು, ಡೀಸೆಲ್, ಪಾತ್ರೆ, ಹಾಸಿಗೆ, ಜನ ಎಲ್ಲವೂ ಇರುವಾಗಲೇ ತೂಗಿಸಬೇಕು. ಮೊದಲು ಇಡೀ ಗಾಡಿ. ಆಮೇಲೆ ಮುಂದಿನ ಚಕ್ರಗಳಷ್ಟೇ ತಟ್ಟೆಯ ಮೇಲೆ. ಆಮೇಲೆ ಹಿಂದಿನವಷ್ಟೇ. ಮೂರು ಚೀಟಿ ಕೈಗೆ ಬರುತ್ತವೆ. ಪ್ರತಿ ಆಕ್ಸಲ್ ಎಷ್ಟು ಹೊರಬಹುದು ಎಂದು ತಯಾರಕರು ಕೊಟ್ಟ ಅಂಕಿಯ ಪಕ್ಕ ಇವನ್ನಿಟ್ಟು ನೋಡಬೇಕು.

ಭಾರ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಆಶ್ಚರ್ಯವಾಗುತ್ತದೆ. ಹದಿನೆಂಟು ಎಂ.ಎಂ. ದಪ್ಪದ ಪ್ಲೈವುಡ್ಡಿನ ಒಂದು ಹಾಳೆ ಸುಮಾರು 35 ಕಿಲೋ. ಮನೆಯ ಯುಪಿಎಸ್‌ಗೆ ಹಾಕುವ ದೊಡ್ಡ ಬ್ಯಾಟರಿ ಒಂದೊಂದೂ ಸುಮಾರು 50 ಕಿಲೋ. ನೀರು ಲೀಟರಿಗೆ ಒಂದು ಕಿಲೋ. ಹತ್ತು ಹಾಳೆ ಪ್ಲೈವುಡ್, ಎರಡು ಬ್ಯಾಟರಿ, 150 ಲೀಟರ್ ನೀರು ಎಂದರೆ 600 ಕಿಲೋ ಆಯಿತು. ಫ್ರಿಜ್ಜು, ಏಸಿ, ಮನುಷ್ಯರು ಇನ್ನೂ ಹತ್ತಿಯೇ ಇಲ್ಲ.

ಎಷ್ಟು ಭಾರ ಎಂಬುದರಷ್ಟೇ ಮುಖ್ಯ ಅದು ಎಲ್ಲಿದೆ ಎಂಬುದು. ಒಂದು ಲೆಕ್ಕ ಕೇಳಿ. ಎರಡು ಆಕ್ಸಲ್‌ಗಳ ನಡುವೆ 4 ಮೀಟರ್ ಅಂತರವಿದೆ. ಹಿಂದಿನ ಆಕ್ಸಲಿನಿಂದ ಇನ್ನೂ 2 ಮೀಟರ್ ಹಿಂದೆ, ಬಾಲದಲ್ಲಿ, 100 ಕಿಲೋ ನೀರಿನ ಟ್ಯಾಂಕು ಇಟ್ಟಿದ್ದಾರೆ. ಹಿಂದಿನ ಆಕ್ಸಲ್ ಮೇಲೆ ಬೀಳುವುದು 100 ಕಿಲೋ ಅಲ್ಲ, 150. ಆ ಹೆಚ್ಚಿನ 50 ಬಂದದ್ದು ಎಲ್ಲಿಂದ? ಮುಂದಿನ ಆಕ್ಸಲಿನಿಂದ. ಬಾಲದ ಭಾರ ಮೂತಿಯನ್ನು ಎತ್ತುತ್ತದೆ. ಮುಂದಿನ ಚಕ್ರದ ಒತ್ತು ಕಡಿಮೆಯಾಗುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ, ನೇರ ರಸ್ತೆಯಲ್ಲೂ ಗಾಡಿ ಆ ಕಡೆ ಈ ಕಡೆ ಹರಿಯುತ್ತದೆ. ಸ್ಟೀರಿಂಗ್ ಸರಿಯಿಲ್ಲ ಎಂದು ಗ್ಯಾರೇಜು ಅಲೆಯುವ ಮಾಲೀಕ ಆ ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವೆ ತಂದರೆ ಅರ್ಧ ರೋಗ ಅಲ್ಲೇ ಬಿಡುತ್ತದೆ. ನೀರಿನ ವಿಷಯದಲ್ಲಿ ಇನ್ನೊಂದು ಮಾತು. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಅತ್ತಿತ್ತ ಬಡಿಯುತ್ತದೆ. ಒಳಗೆ ಅಡ್ಡ ತಡೆಗಳಿರುವ ಟ್ಯಾಂಕು ಒಳ್ಳೆಯದು.

ಇಲ್ಲಿಯವರೆಗೆ ಭಾರ ತೂಗಿದ್ದಾಯಿತು, ಭಾರದ ಜಾಗ ನೋಡಿದ್ದಾಯಿತು. ಇನ್ನು ಟೈರು. ರಸ್ತೆಗೂ ಗಾಡಿಗೂ ನಡುವಿನ ಮೊದಲ ಸ್ಪ್ರಿಂಗೇ ಟೈರು. ಗಾಳಿ ಹೆಚ್ಚಾದರೆ ಸಣ್ಣ ಕಲ್ಲೂ ಸೀಟಿಗೆ ತಾಕುತ್ತದೆ. ಕಡಿಮೆಯಾದರೆ ಟೈರು ಕಾಯುತ್ತದೆ, ತಿರುವಿನಲ್ಲಿ ಗಾಡಿ ವಾಲುತ್ತದೆ. ಎಷ್ಟು ಗಾಳಿ ಎಂಬುದನ್ನು ಪಂಚರ್ ಅಂಗಡಿಯ ಅಂದಾಜಿಗೆ ಬಿಡಬಾರದು. ಟೈರು ಕಂಪನಿಗಳು ಭಾರಕ್ಕೆ ತಕ್ಕ ಒತ್ತಡದ ಪಟ್ಟಿ ಕೊಡುತ್ತವೆ. ವೇಬ್ರಿಡ್ಜಿನ ಚೀಟಿ ಇದಕ್ಕೂ ಬೇಕು. ಅಳೆಯುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ.

ಕ್ಯಾರವಾನಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತೇ ಇರುತ್ತದಲ್ಲ. ಟೈರಿನ ಪಕ್ಕದಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳು ಇರುತ್ತವೆ. ಕೈಯಾಡಿಸಿದರೂ ಉಬ್ಬು ತಿಳಿಯುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಮೇಲ್ಮೈಯ ಗೆರೆ ಎಷ್ಟೇ ಆಳವಿರಲಿ, ಪಕ್ಕದ ರಬ್ಬರು ಬಿರುಕು ಬಿಟ್ಟಿದ್ದರೆ ಆ ಟೈರನ್ನು ಮನೆ ಮಂದಿಯ ಅಡಿಗೆ ಇಡಬಾರದು.

ಟೈರು ಸರಿಹೋದ ಮೇಲೆ ಸ್ಪ್ರಿಂಗಿನ ಸರದಿ. ಇಲ್ಲೇ ಹೆಚ್ಚು ಹಣ ದಾರಿ ತಪ್ಪುವುದು.

ನಮ್ಮಲ್ಲಿ ಹೆಚ್ಚಿನ ವ್ಯಾನು, ಸಣ್ಣ ಬಸ್ಸುಗಳ ಹಿಂಭಾಗದಲ್ಲಿ ಇರುವುದು ಲೀಫ್ ಸ್ಪ್ರಿಂಗು. ಗ್ಯಾರೇಜಿನ ಮಾತಿನಲ್ಲಿ ಪ್ಲೇಟುಗಳು. ಒಂದರ ಕೆಳಗೆ ಒಂದು, ಮೇಲಿನದು ಉದ್ದ, ಕೆಳಗಿನವು ಗಿಡ್ಡ. ಬಹಳ ಹಳೆಯ ಉಪಾಯ ಇದು. 1804ರಲ್ಲಿ ಇಂಗ್ಲೆಂಡಿನ ಒಬಡಯ ಎಲಿಯಟ್ ಕುದುರೆ ಗಾಡಿಗೆ ಎರಡು ಕಮಾನು ಜೋಡಿಸಿದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ನಮ್ಮ ಊರುಗಳ ಜಟಕಾದ ಅಡಿಯಲ್ಲೂ ಪಟ್ಟಿ ಸ್ಪ್ರಿಂಗೇ ಇದ್ದದ್ದು.

ಗಾಡಿಯ ಹಿಂಭಾಗ ಕುಸಿದಿದೆ ಎನ್ನಿ. ಗ್ಯಾರೇಜಿನಲ್ಲಿ ಬರುವ ಮೊದಲ ಮಾತು, "ಸಾರ್, ಎರಡು ಪ್ಲೇಟ್ ಎಕ್ಸ್‌ಟ್ರಾ ಹಾಕ್ಬಿಡೋಣ." ಟೊಮೆಟೊ ಗಾಡಿಗೆ ಅದು ಸರಿಯಿದ್ದೀತು. ಮನೆಗೆ ಸರಿಯಲ್ಲ. ಗಾಡಿ ಎತ್ತರವಾಗುತ್ತದೆ, ನಿಜ. ಆದರೆ ಸ್ಪ್ರಿಂಗು ಇನ್ನೂ ಗಟ್ಟಿಯಾಗುತ್ತದೆ, ಕುಲುಕು ಹೆಚ್ಚುತ್ತದೆ.

ಏಕೆ ಎಂಬುದಕ್ಕೆ ಸುಲಭದ ಅಳತೆ ಇದೆ. ಗಾಡಿಯ ಭಾರ ಬಿದ್ದಾಗ ಸ್ಪ್ರಿಂಗು ಎಷ್ಟು ಕೆಳಗಿಳಿಯುತ್ತದೆ ಎಂದು ನೋಡಿ. ಒಂದು ಗೇಣಿನಷ್ಟು ಇಳಿದರೆ ಆ ಸ್ಪ್ರಿಂಗು ಸೆಕೆಂಡಿಗೆ ಸುಮಾರು ಒಂದು ಸಲ ಮೇಲೆ ಕೆಳಗೆ ಆಡುತ್ತದೆ. ನಾಲ್ಕು ಬೆರಳಿನಷ್ಟೇ ಇಳಿದರೆ ಸೆಕೆಂಡಿಗೆ ಎರಡು ಸಲ. ಹೆಚ್ಚು ಇಳಿಯುವ ಸ್ಪ್ರಿಂಗು ನಿಧಾನವಾಗಿ ಆಡುತ್ತದೆ. ಮನುಷ್ಯ ನಡೆಯುವಾಗ ದೇಹ ಸೆಕೆಂಡಿಗೆ ಒಂದೆರಡು ಸಲ ಏರಿಳಿಯುತ್ತದೆ. ಆ ಲಯ ಮೈಗೆ ಒಗ್ಗಿದ್ದು. ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅದುರು ಹೊಟ್ಟೆ, ಬೆನ್ನುಮೂಳೆಗೆ ಎಲ್ಲಕ್ಕಿಂತ ಹೆಚ್ಚು ತಾಕುತ್ತದೆ. ಎಕ್ಸ್‌ಟ್ರಾ ಪ್ಲೇಟು ಗಾಡಿಯನ್ನು ಒಳ್ಳೆಯ ಲಯದಿಂದ ಕೆಟ್ಟ ಲಯದ ಕಡೆಗೆ ತಳ್ಳುತ್ತದೆ.

ಹಂಪಿನ ಉದಾಹರಣೆ ತೆಗೆದುಕೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಲೆಂದು ಅದನ್ನು ಲೆಕ್ಕ ಹಾಕಿದ್ದಾರೆ. ಆ ವೇಗದಲ್ಲಿ ಚಕ್ರ ಅದನ್ನು ದಾಟಲು ಅರ್ಧ ಸೆಕೆಂಡು ಬೇಕು. ಈಗ ಸೆಕೆಂಡಿಗೆ ಎರಡು ಸಲ ಆಡುವ ಗಾಡಿ ಅದರ ಮೇಲೆ ಬಂದರೆ? ಅದು ಒಮ್ಮೆ ಆಡುವುದಕ್ಕೂ ಅರ್ಧ ಸೆಕೆಂಡೇ. ಹಂಪಿನ ತಾಳಕ್ಕೆ ಗಾಡಿಯ ತಾಳ ಸರಿಯಾಗಿ ಕೂಡುತ್ತದೆ. ಪಾತ್ರೆಗಳು ಗೂಡಿನಿಂದ ಹಾರುತ್ತವೆ. ಸೆಕೆಂಡಿಗೆ ಒಂದು ಸಲ ಆಡುವ ಗಾಡಿಗೆ ಆ ಕಾಟ ಅಷ್ಟಿಲ್ಲ. ಇದು ನಿಯಮದ ಹಂಪಿನ ಮಾತಾಯಿತು. ಊರೊಳಗೆ ಜನ ತಾವೇ ಹಾಕಿಕೊಂಡ ಮೊಳದಗಲದ ದಿಣ್ಣೆಗಳನ್ನು ಯಾವ ಸ್ಪ್ರಿಂಗೂ ನುಂಗಲಾರದು. ಅಲ್ಲಿ ಕಾಲು ಬ್ರೇಕಿನ ಮೇಲಿರಬೇಕು.

ಹಾಗಾದರೆ ಕುಸಿದ ಹಿಂಭಾಗಕ್ಕೆ ಏನು ಮಾಡಬೇಕು? ಮೊದಲು ಇರುವ ಪ್ಲೇಟುಗಳನ್ನೇ ಬಿಚ್ಚಿ ನೋಡಬೇಕು. ಹಲವು ಸಲ ಒಳಗೊಂದು ಪ್ಲೇಟು ತುಂಡಾಗಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಪ್ಲೇಟುಗಳನ್ನು ನಡುವೆ ಪೋಣಿಸಿದ ಸೆಂಟರ್ ಬೋಲ್ಟ್ ಸವೆದಿರುತ್ತದೆ. ಪ್ಲೇಟುಗಳ ನಡುವೆ ತುಕ್ಕು ಕೂತಿರುತ್ತದೆ. ತುಕ್ಕು ಹಿಡಿದ ಪ್ಲೇಟುಗಳು ಒಂದರ ಮೇಲೊಂದು ಜಾರುವುದಿಲ್ಲ, ಅಂಟಿಕೊಂಡು ನಿಲ್ಲುತ್ತವೆ. ಸಣ್ಣ ಗುಂಡಿಗಳಲ್ಲಿ ಆ ಗಾಡಿಗೆ ಸ್ಪ್ರಿಂಗೇ ಇಲ್ಲದಂತೆ. ಬಿಚ್ಚಿ, ಉಜ್ಜಿ, ಗ್ರಾಫೈಟ್ ಗ್ರೀಸ್ ಹಚ್ಚಿ, ಎರಡು ತುದಿಯ ಬುಷ್ಷು ಹೊಸದು ಹಾಕಿ ಕೂರಿಸಿದರೆ ಗಾಡಿ ಬೇರೆಯೇ ಗಾಡಿ ಎನಿಸುತ್ತದೆ. ಖರ್ಚು ಕಡಿಮೆ, ಗುಣ ಹೆಚ್ಚು. ಈ ಇಡೀ ಭಾಷಣದಲ್ಲಿ ಒಂದೇ ಕೆಲಸ ಮಾಡಿಸುವಷ್ಟು ಹಣವಿದ್ದರೆ ಇದನ್ನೇ ಮಾಡಿಸಿ.

ಇನ್ನೂ ಮುಂದೆ ಹೋಗುವವರಿಗೆ ಪ್ಯಾರಾಬೋಲಿಕ್ ಸ್ಪ್ರಿಂಗು ಇದೆ. ಅದರಲ್ಲಿ ಪ್ಲೇಟುಗಳು ಕಡಿಮೆ. ಒಂದೊಂದೂ ನಡುವೆ ದಪ್ಪ, ತುದಿಗೆ ತೆಳು. ಪ್ಲೇಟುಗಳ ನಡುವೆ ಸಂದು ಇರುವುದರಿಂದ ಉಜ್ಜಾಟ ಕಡಿಮೆ, ನಡೆ ಮೃದು. ಆದರೆ ಉಜ್ಜಾಟವೂ ಒಂದು ಬಗೆಯ ತಡೆಯೇ. ಅದು ಹೋದಾಗ ಆ ಕೆಲಸವನ್ನು ಶಾಕ್ ಅಬ್ಸಾರ್ಬರ್ ಮಾಡಬೇಕು.

ಸ್ಪ್ರಿಂಗು ಭಾರ ಹೊರುತ್ತದೆ, ಆಡುತ್ತದೆ ಎಂದಾಯಿತು. ಆ ಆಟವನ್ನು ನಿಲ್ಲಿಸುವವರು ಯಾರು? ಅದೇ ಶಾಕ್ ಅಬ್ಸಾರ್ಬರ್. ತೂಗಿಬಿಟ್ಟ ತೊಟ್ಟಿಲನ್ನು ನಿಲ್ಲಿಸಲು ಹಿಡಿಯುವ ಕೈ ಇದ್ದಂತೆ ಅದು. ಅದರೊಳಗೆ ಎಣ್ಣೆ ಇದೆ. ಸಣ್ಣ ತೂತುಗಳ ಮೂಲಕ ಎಣ್ಣೆ ನುಗ್ಗುವಾಗ ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ.

ಇಲ್ಲೊಂದು ಪರೀಕ್ಷೆ ಇದೆ. ಯಾರಾದರೂ ಮಾಡಬಹುದು. ಗುಂಡಿ ಬಿದ್ದ ರಸ್ತೆಯಲ್ಲಿ ಒಂದಿಪ್ಪತ್ತು ಕಿಲೋಮೀಟರ್ ಓಡಿಸಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಒಂದೊಂದು ಶಾಕ್ ಅಬ್ಸಾರ್ಬರಿನ ಹತ್ತಿರ ಕೈ ಒಯ್ದು ಬಿಸಿ ನೋಡಿ. ಮೊದಲೇ ಹಿಡಿಯಬೇಡಿ, ಸುಟ್ಟೀತು. ಬಿಸಿಯಾಗಿದ್ದರೆ ಅದು ಕೆಲಸ ಮಾಡಿದೆ. ಮೂರು ಬೆಚ್ಚಗಿದ್ದು ಒಂದು ತಣ್ಣಗಿದ್ದರೆ ಆ ತಣ್ಣನೆಯದು ಸತ್ತಿದೆ. ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೂ ಹಾಗೆಯೇ. ಇನ್ನೊಂದು ಗುರುತು, ಹಂಪು ಇಳಿದ ಮೇಲೆ ಗಾಡಿ ಒಂದು ಸಲ ಏರಿಳಿದು ನಿಲ್ಲಬೇಕು. ಮೂರು, ನಾಲ್ಕು ಸಲ ತೂಗಿದರೆ ಬದಲಿಸುವ ಕಾಲ ಬಂದಿದೆ. ಬದಲಿಸುವಾಗ ಒಂದೇ ಆಕ್ಸಲಿನ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು.

ಹಣವಿದ್ದವರು ತಮ್ಮ ಗಾಡಿಯ ಭಾರಕ್ಕೆ ಹದ ಮಾಡಬಲ್ಲ, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಕೊಳ್ಳಬಹುದು. ಅತಿ ಬಿಗಿಯಾದದ್ದು ಬೇಡ. ಬಿಗಿಯಾದಷ್ಟೂ ಸಣ್ಣ ಕಲ್ಲಿನ ಪೆಟ್ಟು ನೇರ ಮೇಲೆ ಬರುತ್ತದೆ.

ಟೈರು, ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಮೂರೂ ಆದವು. ಇವು ಒಂದರ ಮೇಲೊಂದು ಅಂತಸ್ತಿನಂತೆ ಕೆಲಸ ಮಾಡುತ್ತವೆ. ಈ ಅಂತಸ್ತಿನ ಉಪಾಯ ಕೆಜಿಎಫ್ ಜನರಿಗೆ ಹೊಸದಲ್ಲ. ದಿನಾ ಅದರ ಮೇಲೆ ಕೂತು ಹೋಗುವವರು ಅವರು.

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ಕವಲು 1894ರಲ್ಲಿ ಆರಂಭವಾಯಿತು. ಸುಮಾರು 16 ಕಿಲೋಮೀಟರ್. ಚಿನ್ನದ ಗಣಿಗೆಂದು ಹಾಕಿದ ಹಳಿ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಅದೇ ಹಳಿಯ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿ ಬೆಂಗಳೂರಿಗೆ ಕೂಲಿಗೆ, ಕಚೇರಿಗೆ, ಕಾರ್ಖಾನೆಗೆ ಹೋಗಿ ರಾತ್ರಿ ಮರಳುವವರು ಸಾವಿರಾರು ಜನ. ಅಷ್ಟು ಹೊತ್ತು ಪ್ರತಿದಿನ ಕೂತು ನಿಂತು ಹೋಗುವವರ ಮೈ ಉಳಿಯಬೇಕಾದರೆ ಬೋಗಿ ಮೆತ್ತಗೆ ಓಡಬೇಕು. ಮದರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಇಂಟಗ್ರಲ್ ಕೋಚ್ ಫ್ಯಾಕ್ಟರಿಯ ಬೋಗಿಗಳಲ್ಲಿ ಎರಡು ಅಂತಸ್ತಿನ ಸ್ಪ್ರಿಂಗು ಇದೆ. ಮೊದಲನೆಯದು ಚಕ್ರದ ಆಕ್ಸಲಿನ ಮೇಲೆ, ಎಣ್ಣೆಯ ಡ್ಯಾಶ್‌ಪಾಟ್ ಸಮೇತ. ಎರಡನೆಯದು ಅದರ ಮೇಲೆ, ಡಬ್ಬಿಯ ಅಡಿಯಲ್ಲಿ. ಹಳಿಯ ಚುರುಕು ಪೆಟ್ಟನ್ನು ಕೆಳಗಿನದು ತಿನ್ನುತ್ತದೆ. ಉಳಿದ ದೊಡ್ಡ ತೂಗಾಟವನ್ನು ಮೇಲಿನದು ತಡೆಯುತ್ತದೆ.

ಕ್ಯಾರವಾನಿನಲ್ಲಿ ಮೊದಲ ಅಂತಸ್ತು ಟೈರು, ಎರಡನೆಯದು ಸ್ಪ್ರಿಂಗು. ಮೂರನೆಯದನ್ನೂ ಸೇರಿಸಿಕೊಳ್ಳಬಹುದು. ಅದು ಸೀಟು. ಚಾಲಕನಿಗೆ ಸಸ್ಪೆನ್ಷನ್ ಇರುವ ಸೀಟು ಹಾಕಿಸಿದರೆ ದೂರದ ಪಯಣದಲ್ಲಿ ಅವನ ಬೆನ್ನು ಉಳಿಯುತ್ತದೆ. ಬೆನ್ನು ನೋಯದ ಚಾಲಕನ ಗಮನ ರಸ್ತೆಯ ಮೇಲಿರುತ್ತದೆ.

ಅಂತಸ್ತಿನ ಮಾತು ಬಂದ ಮೇಲೆ ಗಾಳಿಯ ಸ್ಪ್ರಿಂಗಿನ ಮಾತು ಬರಲೇಬೇಕು. ಬೆಂಗಳೂರಿನಿಂದ ಕೋಲಾರದ ಕಡೆ ಹೊರಟರೆ ಹೊಸಕೋಟೆ ಬಳಿ ವೋಲ್ವೋ ಕಾರ್ಖಾನೆ ಇದೆ. 1998ರಲ್ಲಿ ಅಲ್ಲಿ ಲಾರಿಗಳ ತಯಾರಿ ಶುರುವಾಯಿತು. 2001ರಲ್ಲಿ ಬಿ7ಆರ್ ಬಸ್ಸು ಬಂತು. ಕೆಎಸ್‌ಆರ್‌ಟಿಸಿಯ ಐರಾವತ ಹತ್ತಿದ ಕನ್ನಡಿಗರು ಗಾಳಿಯ ಸ್ಪ್ರಿಂಗೆಂದರೆ ಏನೆಂದು ಮೊದಲು ಮೈಯಲ್ಲಿ ಅರಿತದ್ದು ಇಂಥ ಬಸ್ಸಿನಲ್ಲೇ. ಅಮೆರಿಕದಲ್ಲಿ ಗ್ರೇಹೌಂಡ್ ಬಸ್ಸುಗಳಿಗೆ ಇದು 1953ರ ಹೊತ್ತಿಗೇ ಬಂದಿತ್ತು.

ಉಕ್ಕಿನ ಪ್ಲೇಟಿನ ಜಾಗದಲ್ಲಿ ರಬ್ಬರಿನ ಬಲೂನು, ಒಳಗೆ ಒತ್ತಿದ ಗಾಳಿ. ಭಾರ ಹೆಚ್ಚಿದರೆ ಗಾಳಿ ಹೆಚ್ಚು, ಇಳಿದರೆ ಕಡಿಮೆ. ಹಾಗಾಗಿ ತುಂಬಿದಾಗಲೂ ಖಾಲಿಯಿದ್ದಾಗಲೂ ಎತ್ತರ ಒಂದೇ, ಲಯವೂ ಹೆಚ್ಚುಕಡಿಮೆ ಒಂದೇ. ಕೆಜಿಎಫ್‌ನಲ್ಲಿ ಮನೆಮಾತಾಗಿರುವ ಬೆಮೆಲ್ ಸಂಸ್ಥೆ ಮೈಸೂರಿನಲ್ಲಿ ಗಣಿಗಳಿಗೆ ಡಂಪರ್ ತಯಾರಿಸುತ್ತದೆ. ಅಲ್ಲಿಯೂ ಪ್ಲೇಟುಗಳಿಲ್ಲ. ನೈಟ್ರೋಜನ್ ಅನಿಲ ಮತ್ತು ಎಣ್ಣೆ ಸೇರಿದ ಸಿಲಿಂಡರುಗಳೇ ಸ್ಪ್ರಿಂಗು. ದೊಡ್ಡ ಡಂಪರಿನ ತೂಕ ಕಲ್ಲು ತುಂಬಿದಾಗ ಖಾಲಿಯ ಎರಡು ಪಟ್ಟು ದಾಟುತ್ತದೆ. ಅಷ್ಟು ಅಂತರವನ್ನು ಪ್ಲೇಟು ತಾಳಿಕೊಂಡು ಹದವಾಗಿ ನಡೆಯುವುದು ಕಷ್ಟ.

ಬೆಮೆಲ್ ಹೆಸರು ಬಂದಾಗ ಟಟ್ರಾ ಲಾರಿಯನ್ನೂ ನೆನೆಯಬೇಕು. 1986ರಿಂದ ಚೆಕ್ ದೇಶದ ಕಂಪನಿಯ ಸಹಯೋಗದಲ್ಲಿ ಬೆಮೆಲ್ ಸೇನೆಗೆ ಅದನ್ನು ಒದಗಿಸಿದೆ. ಪಿನಾಕ ರಾಕೆಟ್ಟುಗಳನ್ನು ಹೊರುವುದು ಅದೇ. ಉದ್ದಕ್ಕೂ ಒಂದು ದಪ್ಪ ಕೊಳವೆಯೇ ಅದರ ಬೆನ್ನೆಲುಬು. ಎಡದ ಚಕ್ರ, ಬಲದ ಚಕ್ರ ಬೇರೆ ಬೇರೆಯಾಗಿ ಆಡುತ್ತವೆ. ಒಂದು ಗುಂಡಿಗೆ ಬಿದ್ದರೆ ಇನ್ನೊಂದು ವಾಲುವುದಿಲ್ಲ. 1923ರಲ್ಲಿ ಹಾನ್ಸ್ ಲೆಡ್ವಿಂಕಾ ಒಂದು ಸಣ್ಣ ಕಾರಿಗೆಂದು ಮಾಡಿದ ವಿನ್ಯಾಸ ಅದು. ಯುರೋಪಿನ ಕೆಲವು ಕ್ಯಾರವಾನುಗಳಲ್ಲಿ ಜರ್ಮನಿಯ ಆಲ್ಕೊ ಕಂಪನಿಯ ಚಾಸಿ ಹಾಕುತ್ತಾರೆ. ಅಲ್ಲಿಯೂ ಹಿಂದಿನ ಚಕ್ರಗಳು ಬೇರೆ ಬೇರೆಯಾಗಿಯೇ ಆಡುತ್ತವೆ. ನಮ್ಮ ವ್ಯಾನಿಗೆ ಇದನ್ನು ಆಮೇಲೆ ಜೋಡಿಸಲು ಹೋಗುವುದು ಬೇಡದ ಸಾಹಸ.

ನಮ್ಮ ವ್ಯಾನಿಗೆ ಆಗುವಂಥದ್ದು, ಇರುವ ಪ್ಲೇಟಿನ ಜೊತೆಗೆ ಆಕ್ಸಲಿಗೂ ಚಾಸಿಗೂ ನಡುವೆ ಎರಡು ಸಹಾಯಕ ಗಾಳಿ ಬಲೂನು. ಕುಸಿದ ಬಾಲವನ್ನು ಅವು ಎತ್ತುತ್ತವೆ. ಒಂದು ಎಚ್ಚರಿಕೆ. ಎಡದ ಬಲೂನಿಗೆ ಬೇರೆ ಕೊಳವೆ, ಬಲದ್ದಕ್ಕೆ ಬೇರೆ ಕೊಳವೆ ಇರಲೇಬೇಕು. ಎರಡನ್ನೂ ಒಂದೇ ಕೊಳವೆಗೆ ಸೇರಿಸಿದರೆ ತಿರುವಿನಲ್ಲಿ ಗಾಡಿ ವಾಲಿದ ಕಡೆಯ ಗಾಳಿ ಆಚೆ ಕಡೆಗೆ ಓಡುತ್ತದೆ. ವಾಲಿದ್ದು ಇನ್ನಷ್ಟು ವಾಲುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬಲೂನು ಹಾಕಿದ್ದಕ್ಕೆ ಗಾಡಿ ಹೊರಬಹುದಾದ ಭಾರ ಹೆಚ್ಚುವುದಿಲ್ಲ. ಆಕ್ಸಲ್, ಬ್ರೇಕು, ಟೈರು ಎಲ್ಲ ಹಳೆಯವೇ. ಬಾಲ ನೇರವಾದ್ದನ್ನು ನೋಡಿ ಇನ್ನಷ್ಟು ಹೇರಿದರೆ ಅನಾಹುತಕ್ಕೆ ದಾರಿ.

ಇಷ್ಟು ಹೊತ್ತು ಕೇಳಿದ್ದು ಮೇಲೆ ಕೆಳಗಿನ ಕುಲುಕಿನ ಮಾತು. ಇನ್ನು ಪಕ್ಕಕ್ಕೆ ಓಲಾಡುವುದರ ಮಾತು. ಎಕ್ಸ್‌ಪ್ರೆಸ್‌ವೇಯಲ್ಲಿ ಭಯ ಹುಟ್ಟಿಸುವುದು ಇದೇ.

ಸುಮಾರು 3 ಮೀಟರ್ ಎತ್ತರ, 6 ಮೀಟರ್ ಉದ್ದದ ಗಾಡಿಯ ಪಕ್ಕ ಒಂದು ದೊಡ್ಡ ಗೋಡೆಯೇ. ಲಾರಿ ದಾಟಿಹೋಗುವಾಗ ಗಾಳಿ ಮೊದಲು ತಳ್ಳುತ್ತದೆ, ಆಮೇಲೆ ಎಳೆಯುತ್ತದೆ. ಚಾಲಕ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿಯುತ್ತಾನೆ. ಮೊದಲ ಮದ್ದು ಮತ್ತೆ ಭಾರವೇ. ತಾರಸಿಯ ಮೇಲಿನ ಪೆಟ್ಟಿಗೆ ಇಳಿಸಿ, ಬ್ಯಾಟರಿಯನ್ನು ನೆಲದ ಮಟ್ಟಕ್ಕೆ ತಂದು, ಮೇಲಿನ ಬೀರುವಿನಲ್ಲಿ ಹಗುರ ಸಾಮಾನಿಟ್ಟರೆ ಓಲಾಟ ಅಷ್ಟಕ್ಕೇ ತಗ್ಗುತ್ತದೆ.

ಎರಡನೆಯ ಮದ್ದು ಆಂಟಿ-ರೋಲ್ ಬಾರ್. ಎಡ, ಬಲ ಚಕ್ರಗಳನ್ನು ಸೇರಿಸುವ ಬಾಗಿದ ಉಕ್ಕಿನ ಸರಳು. ಎರಡೂ ಚಕ್ರ ಒಟ್ಟಿಗೆ ಹಂಪು ಏರಿದರೆ ಅದು ಸುಮ್ಮನಿರುತ್ತದೆ. ಗಾಡಿ ಒಂದು ಕಡೆ ವಾಲಿದಾಗ ಮಾತ್ರ ತಿರುಚಿಕೊಂಡು ತಡೆಯುತ್ತದೆ. ಹಿಂದೆ ಈ ಸರಳು ಇಲ್ಲದ ವ್ಯಾನಿಗೆ ಒಂದು ಹಾಕಿಸಿದರೆ, ಇರುವುದು ತೆಳ್ಳಗಿದ್ದರೆ ಸ್ವಲ್ಪ ದಪ್ಪದ್ದು ಹಾಕಿಸಿದರೆ, ವ್ಯತ್ಯಾಸ ಮೊದಲ ತಿರುವಿನಲ್ಲೇ ತಿಳಿಯುತ್ತದೆ. ಬಹಳ ದಪ್ಪದ್ದು ಬೇಡ. ಹಳ್ಳಿ ರಸ್ತೆಯಲ್ಲಿ ಗುಂಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. ಅಲ್ಲಿ ದಪ್ಪ ಸರಳು ಒಂದು ಚಕ್ರದ ಪೆಟ್ಟನ್ನು ಇನ್ನೊಂದಕ್ಕೂ ದಾಟಿಸುತ್ತದೆ. ಒಳಗೆ ಕೂತವರ ತಲೆ ಕಿಟಕಿಗೆ ಬಡಿಯುತ್ತದೆ.

ಗಾಡಿಯ ಬಾಲ ಹಾವಿನ ಹಾಗೆ ಆಡುತ್ತಿದ್ದರೆ ಪ್ಲೇಟಿನ ಬುಷ್ಷು, ಶ್ಯಾಕಲ್ ಸವೆದಿರಬಹುದು. ಮೂತಿ ಹರಿಯುತ್ತಿದ್ದರೆ ಟೈ-ರಾಡ್ ತುದಿ, ಕಿಂಗ್‌ಪಿನ್, ಸ್ಟೀರಿಂಗ್ ಬಾಕ್ಸ್ ನೋಡಿಸಬೇಕು. ವೀಲ್ ಅಲೈನ್‌ಮೆಂಟ್ ಕೊನೆಗೆ. ಅದನ್ನೂ ಮನೆ ತುಂಬಿರುವಾಗಲೇ ಮಾಡಿಸಬೇಕು. ಖಾಲಿ ಗಾಡಿಗೆ ಕೂರಿಸಿದ ಕೋನ ಭಾರ ಬಿದ್ದಾಗ ಉಳಿಯುವುದಿಲ್ಲ.

ಭಾರ, ಟೈರು, ಪ್ಲೇಟು, ಶಾಕ್ ಅಬ್ಸಾರ್ಬರ್, ಬಲೂನು, ಸರಳು, ಎಲ್ಲವೂ ಆದವು. ಉಳಿದದ್ದು ಕಾಗದದ ಕೆಲಸ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. ಮೋಟಾರು ಕ್ಯಾರವಾನಿಗೆಂದೇ ಎಐಎಸ್-124 ಎಂಬ ಮಾನದಂಡ ಇದೆ. ಸವೆದ ಭಾಗದ ಜಾಗಕ್ಕೆ ಅದೇ ಭಾಗ ಹಾಕುವುದು ದುರಸ್ತಿ. ಪ್ಲೇಟು ತೆಗೆದು ಪೂರ್ತಿ ಗಾಳಿಯ ಸ್ಪ್ರಿಂಗು ಕೂರಿಸುವುದು ಬದಲಾವಣೆ. ನೋಂದಣಿ ಕೋಲಾರದ ಕೆಎ-07 ಇರಲಿ, ಕೆಜಿಎಫ್‌ನ ಕೆಎ-08 ಇರಲಿ, ಬೆಂಗಳೂರಿನದೇ ಇರಲಿ, ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ವಿಮೆ ಕಂಪನಿಗೂ ಬರೆದು ತಿಳಿಸಬೇಕು.

ಪ್ಲೇಟು ಬಿಚ್ಚಿ ಕೂರಿಸಿದ ಗಾಡಿಯನ್ನು ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಅದೇ ಗ್ಯಾರೇಜಿಗೆ ಒಯ್ದು, ಪ್ಲೇಟುಗಳನ್ನು ಆಕ್ಸಲಿಗೆ ಹಿಡಿದಿಡುವ ಯು-ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಮತ್ತೆ ಬಿಗಿ ಮಾಡಿಸಬೇಕು. ಹೊಸದಾಗಿ ಕೂತ ಪ್ಲೇಟುಗಳು ಓಡಾಟದಲ್ಲಿ ಒತ್ತಿಕೊಂಡು ಬೋಲ್ಟು ಸಡಿಲವಾಗುತ್ತದೆ. ಯು-ಬೋಲ್ಟು ಸಡಿಲವಿದ್ದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗಬಹುದು. ಬೆಂಗಳೂರಿನಿಂದ ಕೆಜಿಎಫ್‌ಗೆ ಎರಡು ಸಲ ಹೋಗಿ ಬರುವಷ್ಟರಲ್ಲಿ ಆ 500 ಕಿಲೋಮೀಟರ್ ಹತ್ತಿರ ಬಂದಿರುತ್ತದೆ.